45 ಲಕ್ಷದೊಳಗಿನ ಹೊಸ ಫ್ಲಾಟ್: ಮುದ್ರಾಂಕ ಶುಲ್ಕದ ರಿಯಾಯಿತಿ ಕೈತಪ್ಪದಂತೆ ನೋಂದಣಿ ಮಾಡಿಸುವುದು ಹೇಗೆ?

"ಫ್ಲಾಟ್ ರಿಜಿಸ್ಟ್ರೇಷನ್‌ಗೆ ಶೇ. 3 ಕಟ್ಟಬೇಕಾ, ಶೇ. 5 ಕಟ್ಟಬೇಕಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಅದರ ಬೆನ್ನಿಗೇ ಇನ್ನೊಂದು. "ಬಿಲ್ಡರ್ ಆಫೀಸಿನವರು ಎಲ್ಲರಿಗೂ ಒಂದೇ ಲೆಕ್ಕ ಕೊಟ್ಟಿದ್ದಾರೆ, ಅದು ಸರಿ ಇದೆಯಾ?" ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಕಡಿಮೆ ಬೆಲೆಯ ಹೊಸ ಫ್ಲಾಟ್ ಕೊಳ್ಳುವವರಿಗೆ ಕಾನೂನಿನಲ್ಲೇ ರಿಯಾಯಿತಿ ಇದೆ. ಅದಕ್ಕೆ ಯಾರ ಶಿಫಾರಸೂ ಬೇಡ. ಆದರೆ ಅದು ಬೆಲೆಯ ಒಂದು ಗೆರೆಗೆ ಕಟ್ಟುಬಿದ್ದಿದೆ. ಆ ಗೆರೆಯನ್ನು ನೀವು ಇಪ್ಪತ್ತು ಸಾವಿರದಲ್ಲಿ ದಾಟಿದರೂ ಲಕ್ಷ ರೂಪಾಯಿ ಹೋಗುತ್ತದೆ. ಗೆರೆ ದಾಟಿದ್ದು ಬಹಳ ಜನಕ್ಕೆ ಗೊತ್ತಾಗುವುದು ನೋಂದಣಿಯ ವಾರದಲ್ಲಿ. ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಹಾಗಾಗಿ ಈ ಲೆಕ್ಕ ಬುಕಿಂಗ್‌ಗೆ ಮುಂಚೆ ಆಗಬೇಕು.

ಕಾನೂನಿನಲ್ಲಿ ಏನಿದೆ

ಆಸ್ತಿ ಕೊಂಡಾಗ ಕ್ರಯಪತ್ರದ ಮೇಲೆ ಸರ್ಕಾರಕ್ಕೆ ಕಟ್ಟುವ ತೆರಿಗೆಯೇ ಮುದ್ರಾಂಕ ಶುಲ್ಕ, ಅಂದರೆ ಸ್ಟ್ಯಾಂಪ್ ಡ್ಯೂಟಿ. ಇದನ್ನು ನಿರ್ಧರಿಸುವುದು 1957ರ ಕರ್ನಾಟಕ ಮುದ್ರಾಂಕ ಕಾಯ್ದೆ. ಸಾಮಾನ್ಯ ದರ ಶೇ. 5. 2020ರಲ್ಲಿ ರಾಜ್ಯ ಸರ್ಕಾರ ಹೊಸ ಫ್ಲಾಟ್‌ಗಳಿಗೆ ಇದನ್ನು ಇಳಿಸಿತು. 20 ಲಕ್ಷ ರೂಪಾಯಿವರೆಗಿನ ಫ್ಲಾಟಿಗೆ ಶೇ. 2, ಅದರ ಮೇಲೆ 35 ಲಕ್ಷದವರೆಗೆ ಶೇ. 3. ಆಮೇಲೆ 2021–22ರ ಬಜೆಟ್ಟಿನಲ್ಲಿ ಶೇ. 3ರ ದರವನ್ನು 45 ಲಕ್ಷದವರೆಗೂ ವಿಸ್ತರಿಸಿದರು.

ಇಲ್ಲಿ ಎರಡು ಪದ ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು "ಫ್ಲಾಟ್", ಇನ್ನೊಂದು "ಮೊದಲ ನೋಂದಣಿ". ಸೈಟಿಗೆ ಈ ರಿಯಾಯಿತಿ ಇಲ್ಲ. ಸ್ವತಂತ್ರ ಮನೆಗೆ ಇಲ್ಲ. ಬೇರೆಯವರು ಒಮ್ಮೆ ತಮ್ಮ ಹೆಸರಿಗೆ ನೋಂದಣಿ ಮಾಡಿಸಿಕೊಂಡು ಈಗ ಮಾರುತ್ತಿರುವ ಹಳೇ ಫ್ಲಾಟಿಗೂ ಇಲ್ಲ, ಅದರ ಬೆಲೆ 15 ಲಕ್ಷವೇ ಆಗಿದ್ದರೂ. ಇಂಟರ್ನೆಟ್ಟಿನಲ್ಲಿ ಸುಮಾರು ಕಡೆ "45 ಲಕ್ಷದೊಳಗಿನ ಎಲ್ಲ ಆಸ್ತಿಗೂ ಶೇ. 3" ಅಂತ ಬರೆದಿರುತ್ತಾರೆ. ಅದನ್ನು ನಂಬಿ ಸೈಟಿಗೆ ದುಡ್ಡು ಹೊಂದಿಸಬೇಡಿ.

ಇನ್ನೊಂದು ಸಮಾಧಾನದ ವಿಷಯ. ಈ ರಿಯಾಯಿತಿಗೆ ಆದಾಯದ ಮಿತಿ ಇಲ್ಲ. ನಿಮಗೆ ಬೇರೆ ಮನೆ ಇದೆಯೋ ಇಲ್ಲವೋ ಅಂತಲೂ ಕೇಳುವುದಿಲ್ಲ. ಫ್ಲಾಟಿನ ಬೆಲೆಯೊಂದೇ ಲೆಕ್ಕ.

"ಹೆಂಡತಿ ಹೆಸರಿಗೆ ಮಾಡಿಸಿದರೆ ಡ್ಯೂಟಿ ಇನ್ನೂ ಕಮ್ಮಿ ಆಗುತ್ತಾ?" ಅಂತಲೂ ತುಂಬ ಜನ ಕೇಳುತ್ತಾರೆ. ದೆಹಲಿಯಂಥ ಕಡೆ ಹಾಗಿದೆ, ನಮ್ಮ ರಾಜ್ಯದಲ್ಲಿ ಇಲ್ಲ. ಆದರೂ ಹೆಂಗಸರ ಹೆಸರು ಸೇರಿಸುವುದರಿಂದ ಬೇರೊಂದು ಉಪಯೋಗ ಇದೆ, ಅದು ಸಾಲದ ಹಂತದಲ್ಲಿ ಬರುತ್ತದೆ.

ಶುಲ್ಕದ ಜೊತೆ ಇನ್ನೂ ಮೂರು ಬಾಬ್ತು ಸೇರುತ್ತವೆ. ಮುದ್ರಾಂಕ ಶುಲ್ಕದ ಮೇಲೆ ಶೇ. 10 ಸೆಸ್. ಅದೇ ಶುಲ್ಕದ ಮೇಲೆ ಸರ್‌ಚಾರ್ಜ್, ನಗರ ಪ್ರದೇಶದಲ್ಲಿ ಶೇ. 2, ಗ್ರಾಮಾಂತರದಲ್ಲಿ ಶೇ. 3. ಕೊನೆಗೆ ಆಸ್ತಿಯ ಬೆಲೆಯ ಮೇಲೆ ನೋಂದಣಿ ಶುಲ್ಕ. ಇದು ಮೊದಲು ಶೇ. 1 ಇತ್ತು, 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. ಹಳೇ ಲೆಕ್ಕ ಇಟ್ಟುಕೊಂಡು ದುಡ್ಡು ಹೊಂದಿಸಿದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಎಲ್ಲ ಕೂಡಿಸಿದರೆ ನಗರದಲ್ಲಿ ಹೊಸ ಫ್ಲಾಟಿಗೆ ಬೀಳುವುದು ಹೀಗೆ: 20 ಲಕ್ಷದವರೆಗೆ ಶೇ. 4.24, 45 ಲಕ್ಷದವರೆಗೆ ಶೇ. 5.36, ಅದರ ಮೇಲೆ ಶೇ. 7.6.

ಕೈಯಲ್ಲಿ ಇರಬೇಕಾದ ಕಾಗದಗಳು

ನಿಮ್ಮ ಕಡೆಯಿಂದ ಆಧಾರ್, ಪ್ಯಾನ್, ಫೋಟೋ, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್. ಬಿಲ್ಡರ್ ಕಡೆಯಿಂದ ಕಾಸ್ಟ್ ಶೀಟ್ (ಬೆಲೆಯ ಪೂರ್ತಿ ವಿವರ ಇರುವ ಹಾಳೆ), ಜಾಗದ ಮೂಲ ಪತ್ರಗಳ ನಕಲು, ಮಂಜೂರಾದ ನಕ್ಷೆ, ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ನೋಂದಣಿ ಸಂಖ್ಯೆ, ಖಾತಾ, ಋಣಭಾರ ಪತ್ರ, ಕಟ್ಟಡ ಮುಗಿದಿದ್ದರೆ ಒಸಿ (ವಾಸಕ್ಕೆ ಯೋಗ್ಯ ಅನ್ನುವ ಪತ್ರ). ಇವೆಲ್ಲ ಏನು ಅಂತ ಹಂತ 4ರಲ್ಲಿ ಹೇಳಿದ್ದೇನೆ. ಜಾಯಿಂಟ್ ಡೆವಲಪ್‌ಮೆಂಟ್ ಆಗಿದ್ದರೆ, ಅಂದರೆ ಜಾಗ ಒಬ್ಬರದು ಕಟ್ಟಿದ್ದು ಇನ್ನೊಬ್ಬರು ಅನ್ನುವ ಹಾಗಿದ್ದರೆ, ಯಾವ ಫ್ಲಾಟ್ ಯಾರ ಪಾಲಿಗೆ ಅಂತ ಬರೆದ ಹಂಚಿಕೆ ಕರಾರು. ಈ ಕೊನೆಯದನ್ನು ಕೇಳದೆ ಬಿಡುವವರೇ ಜಾಸ್ತಿ. ನೀವು ದುಡ್ಡು ಕೊಡುತ್ತಿರುವುದು ಬಿಲ್ಡರ್‌ಗೆ, ಫ್ಲಾಟ್ ಮಾತ್ರ ಜಾಗದ ಮಾಲೀಕರ ಪಾಲಿನದು ಅಂತಾದರೆ ಮುಂದೆ ಗೋಳು ತಪ್ಪಿದ್ದಲ್ಲ.

ಹಂತ 1: ಮಾರ್ಗಸೂಚಿ ದರ ನೋಡಿ

ಮಾರ್ಗಸೂಚಿ ದರ ಅಂದರೆ ಗೈಡೆನ್ಸ್ ವ್ಯಾಲ್ಯೂ. ಒಂದೊಂದು ಬಡಾವಣೆಗೆ, ಒಂದೊಂದು ಅಪಾರ್ಟ್‌ಮೆಂಟಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ. ನೀವು ಕೊಟ್ಟ ಬೆಲೆ ಮತ್ತು ಮಾರ್ಗಸೂಚಿ ದರದ ಪ್ರಕಾರ ಬರುವ ಬೆಲೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಶುಲ್ಕ. 45 ಲಕ್ಷದ ಗೆರೆಯೂ ಅದೇ ಜಾಸ್ತಿ ಬೆಲೆಗೆ ಅನ್ವಯ.

ಇದು ಯಾಕೆ ಮುಖ್ಯ ಅಂತ ನೋಡಿ. ಚೌಕಾಸಿ ಮಾಡಿ 44 ಲಕ್ಷಕ್ಕೆ ಫ್ಲಾಟ್ ಕುದುರಿಸಿದ್ದೀರಿ. ಆ ಅಪಾರ್ಟ್‌ಮೆಂಟಿನ ಮಾರ್ಗಸೂಚಿ ದರದ ಪ್ರಕಾರ ಅದೇ ಫ್ಲಾಟಿಗೆ 46 ಲಕ್ಷ ಬರುತ್ತದೆ. ಆಗ ನೀವು ಶೇ. 3ರ ಗುಂಪಿನಲ್ಲಿ ಇಲ್ಲ. 2,35,840 ರೂಪಾಯಿಯಲ್ಲಿ ಮುಗಿಯಬೇಕಿದ್ದ ಖರ್ಚು 3,49,600 ಆಗುತ್ತದೆ.

ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಜಿಲ್ಲೆ, ಊರು, ಬಡಾವಣೆ ಆರಿಸಿಕೊಂಡು ದರ ನೋಡಬಹುದು. ದುಡ್ಡು ಕೊಡಬೇಕಾಗಿಲ್ಲ. ಹುಡುಕುವಾಗ ಬಡಾವಣೆಯ ಹೆಸರಿನ ಜೊತೆಗೆ ಅಪಾರ್ಟ್‌ಮೆಂಟಿನ ಹೆಸರಿನಲ್ಲೂ ಹುಡುಕಿ. ದೊಡ್ಡ ಪ್ರಾಜೆಕ್ಟ್‌ಗಳಿಗೆ ಬೇರೆಯೇ ದರ ಇರುತ್ತದೆ. ದರಪಟ್ಟಿಯ ಕೊನೆಯಲ್ಲಿ "ವಿಶೇಷ ಸೂಚನೆಗಳು" ಅಂತ ಒಂದಿಷ್ಟು ಪುಟ ಇರುತ್ತವೆ. ಅದನ್ನು ಯಾರೂ ಓದುವುದಿಲ್ಲ. ನೀವು ಓದಿ. ಮೇಲಿನ ಮಹಡಿಗಳಿಗೆ ಎಷ್ಟು ಸೇರಿಸಬೇಕು, ಕಾರ್ ಪಾರ್ಕಿಂಗ್‌ಗೆ ಎಷ್ಟು ಅನ್ನುವುದೆಲ್ಲ ಅಲ್ಲೇ ಇರುವುದು.

ಮಾರ್ಗಸೂಚಿ ದರ ಆಗಾಗ ಏರುತ್ತದೆ. ಹಿಂದೆ 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಏರಿತ್ತು. ಬುಕ್ ಮಾಡಿದ ದಿನದ ದರ ನಿಮ್ಮನ್ನು ಕಾಯುವುದಿಲ್ಲ, ಕ್ರಯಪತ್ರ ನೋಂದಣಿ ಆಗುವ ಹೊತ್ತಿನ ದರವೇ ಲೆಕ್ಕ. ಕಟ್ಟಡ ಮುಗಿಯಲು ಇನ್ನೂ ಎರಡು ವರ್ಷ ಇದೆ, ಬೆಲೆ ಈಗಲೇ 44.5 ಲಕ್ಷ ಅಂದರೆ ರಿಯಾಯಿತಿ ಸಿಕ್ಕೇ ಸಿಗುತ್ತದೆ ಅಂತ ಅಂದುಕೊಳ್ಳಬೇಡಿ.

ಹಂತ 2: ಕಾಸ್ಟ್ ಶೀಟನ್ನು ಸಾಲು ಸಾಲಾಗಿ ಓದಿ

ನಾನು ಜಾಸ್ತಿ ಒತ್ತಿ ಹೇಳುವ ಹಂತ ಇದು. ಜಾಹೀರಾತಿನಲ್ಲಿ 42 ಲಕ್ಷ ಅಂತ ಇರುತ್ತದೆ. ಕಾಸ್ಟ್ ಶೀಟ್ ಕೈಗೆ ಬಂದಾಗ ಅದು ಒಂದೊಂದೇ ಸಾಲು ಕೆಳಗಿಳಿಯುತ್ತಾ ಬೆಳೆಯುತ್ತಾ ಹೋಗುತ್ತದೆ. ಮೂಲ ಬೆಲೆ. ಮೇಲಿನ ಮಹಡಿ ಅಂತ ಒಂದಷ್ಟು. ಪಾರ್ಕ್ ಕಾಣುತ್ತದೆ, ಮೂಲೆ ಫ್ಲಾಟು, ಪೂರ್ವದ ಬಾಗಿಲು ಅಂತ ಒಂದಷ್ಟು. ಕಾರ್ ಪಾರ್ಕಿಂಗ್. ಕ್ಲಬ್ ಹೌಸ್. ಕರೆಂಟು, ನೀರಿನ ಸಂಪರ್ಕದ ವೆಚ್ಚ. ವಕೀಲರ ಖರ್ಚು. ಒಂದು ವರ್ಷದ ನಿರ್ವಹಣೆ ಮುಂಗಡ. ಕಾರ್ಪಸ್ ಫಂಡ್, ಅಂದರೆ ಸಂಘಕ್ಕೆ ಅಂತ ಎತ್ತಿಡುವ ಇಡುಗಂಟು.

ಈ ಹಾಳೆ ಹಿಡಿದುಕೊಂಡು ಬಿಲ್ಡರ್ ಕಡೆಯವರನ್ನು ಒಂದೇ ಪ್ರಶ್ನೆ ಕೇಳಿ: "ಇದರಲ್ಲಿ ಯಾವ ಯಾವ ಸಾಲು ಕ್ರಯಪತ್ರದ ಬೆಲೆಯೊಳಗೆ ಬರುತ್ತದೆ?" ಬಾಯಿಮಾತಿನ ಉತ್ತರ ಬೇಡ. ಪೆನ್ನಲ್ಲಿ ಗುರುತು ಹಾಕಿಸಿ ಅಥವಾ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಮೂಲ ಬೆಲೆ, ಮಹಡಿ, ಪಾರ್ಕಿಂಗ್ ಇವೆಲ್ಲ ಫ್ಲಾಟಿನ ಬೆಲೆಯೇ. ನಿರ್ವಹಣೆ ಮುಂಗಡ ಮತ್ತು ಇಡುಗಂಟು ಮುಂದೆ ಸಂಘಕ್ಕೆ ಹೋಗುವ ದುಡ್ಡು, ಫ್ಲಾಟಿನ ಬೆಲೆ ಅಲ್ಲ. ಅವನ್ನು ಸುಮ್ನೆ ಒಟ್ಟಿಗೆ ಸೇರಿಸಿ ಒಂದೇ ಮೊತ್ತ ಬರೆದು, ಅದರಿಂದ ಗೆರೆ ದಾಟಿಸಿಕೊಳ್ಳಬೇಡಿ.

ಗೆರೆಯ ಆಚೀಚೆ ಎಷ್ಟು ವ್ಯತ್ಯಾಸ ಅಂತ ಈಗ ಲೆಕ್ಕ ಹಾಕೋಣ. ನಗರದ ಒಂದು ಹೊಸ ಫ್ಲಾಟು, ಬೆಲೆ 44,80,000. ಶೇ. 3ರಂತೆ ಮುದ್ರಾಂಕ ಶುಲ್ಕ 1,34,400, ಸೆಸ್ 13,440, ಸರ್‌ಚಾರ್ಜ್ 2,688, ನೋಂದಣಿ ಶುಲ್ಕ 89,600. ಒಟ್ಟು 2,40,128.

ಪಕ್ಕದ ಫ್ಲಾಟಿಗೆ ಕಿಟಕಿಯಿಂದ ಪಾರ್ಕ್ ಕಾಣುತ್ತದೆ ಅಂತ 40 ಸಾವಿರ ಜಾಸ್ತಿ, 45,20,000. ಮುದ್ರಾಂಕ ಶುಲ್ಕ 2,26,000, ಸೆಸ್ 22,600, ಸರ್‌ಚಾರ್ಜ್ 4,520, ನೋಂದಣಿ 90,400. ಒಟ್ಟು 3,43,520.

ಅಂದರೆ 40 ಸಾವಿರದ ಕಿಟಕಿಗೆ ಮೇಲಿಂದ 1,03,392 ರೂಪಾಯಿ. ಗೆರೆ ದಾಟಿದರೆ ದಾಟಿದ 20 ಸಾವಿರಕ್ಕೆ ಮಾತ್ರ ಶೇ. 5 ಅಲ್ಲ, ಪೂರ್ತಿ ಬೆಲೆಗೇ ಶೇ. 5. ಆದಾಯ ತೆರಿಗೆಯ ಹಾಗೆ ಹಂತ ಹಂತವಾಗಿ ಇರುತ್ತದೆ ಅಂತ ಬಹಳ ಜನ ತಿಳಿದಿರುತ್ತಾರೆ, ಹಾಗಿಲ್ಲ.

ಇದರ ಜೊತೆ ಜಿಎಸ್‌ಟಿ ಬೇರೆ ಇದೆ, ಅದು ಕೇಂದ್ರದ ತೆರಿಗೆ. ಕಟ್ಟುತ್ತಿರುವ ಫ್ಲಾಟಿಗೆ ಮಾಮೂಲಿ ಶೇ. 5. "ಕೈಗೆಟುಕುವ ಮನೆ" ಅನ್ನಿಸಿಕೊಂಡರೆ ಶೇ. 1. ಇದು 2019ರ ಏಪ್ರಿಲ್ 1ರಿಂದ ಇರುವ ದರ. ಇಲ್ಲೂ ಗೆರೆ 45 ಲಕ್ಷವೇ, ಆದರೆ ಅಳೆಯುವ ರೀತಿ ಬೇರೆ. ಪಾರ್ಕಿಂಗ್, ಕ್ಲಬ್ ಹೌಸ್, ಮೂಲೆ ಫ್ಲಾಟಿನ ಹೆಚ್ಚುವರಿ, ಹೀಗೆ ಬಿಲ್ಡರ್ ವಸೂಲಿ ಮಾಡುವ ಈ ಬಾಬ್ತುಗಳೂ 45ರೊಳಗೆ ಬರಬೇಕು. ಮೇಲಾಗಿ ಕಾರ್ಪೆಟ್ ಏರಿಯಾದ ಮಿತಿಯೂ ಇದೆ. ಬೆಂಗಳೂರಿನಲ್ಲಿ 60 ಚದರ ಮೀಟರ್, ಅಂದರೆ ಸುಮಾರು 645 ಚದರ ಅಡಿ. ಮೈಸೂರು, ಹುಬ್ಬಳ್ಳಿ, ಮಂಗಳೂರು, ದಾವಣಗೆರೆಯಂಥ ಊರುಗಳಲ್ಲಿ 90 ಚದರ ಮೀಟರ್, ಸುಮಾರು 968 ಚದರ ಅಡಿ. ಮುದ್ರಾಂಕ ಶುಲ್ಕದ ರಿಯಾಯಿತಿಗೆ ಹೀಗೆ ಅಳತೆಯ ಮಿತಿ ಇಲ್ಲ. ಹಾಗಾಗಿ ಬೆಂಗಳೂರಿನಲ್ಲಿ 44 ಲಕ್ಷದ, 700 ಅಡಿ ಕಾರ್ಪೆಟ್ ಇರುವ ಫ್ಲಾಟಿಗೆ ಒಂದು ರಿಯಾಯಿತಿ ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಎರಡನ್ನೂ ಕಲಸಿಕೊಳ್ಳಬೇಡಿ. ಕಟ್ಟಡ ಮುಗಿದು ಅದರ ಪ್ರಮಾಣಪತ್ರ ಬಂದ ಮೇಲೆ ಕೊಂಡರಂತೂ ಜಿಎಸ್‌ಟಿಯೇ ಇಲ್ಲ.

ಕಾರ್ಪೆಟ್ ಏರಿಯಾ ಅಂದರೆ ಫ್ಲಾಟಿನ ಒಳಗೆ ನೀವು ಬಳಸುವ ನೆಲ. ಒಳಗಿನ ಗೋಡೆಗಳು ಸೇರುತ್ತವೆ, ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ. ಸೂಪರ್ ಬಿಲ್ಟಪ್ ಅನ್ನುವುದರಲ್ಲಿ ಲಿಫ್ಟು, ಮೆಟ್ಟಿಲು, ಓಡಾಡುವ ಜಾಗ ಎಲ್ಲದರಲ್ಲೂ ನಿಮ್ಮ ಪಾಲು ಸೇರಿಸಿ ಹೇಳುತ್ತಾರೆ. ಕರಾರಿನಲ್ಲಿ, ಅಂದರೆ ಕ್ರಯಪತ್ರಕ್ಕೆ ಮುಂಚೆ ಬಿಲ್ಡರ್ ಜೊತೆ ಮಾಡಿಕೊಳ್ಳುವ ಒಪ್ಪಂದದಲ್ಲಿ, ಕಾರ್ಪೆಟ್ ಏರಿಯಾ ಬರೆದಿರಲೇಬೇಕು.

ಹಂತ 3: ಬೆಲೆ ಕಮ್ಮಿ ತೋರಿಸುವ ದಾರಿಗೆ ಹೋಗಬೇಡಿ

ಮೇಲಿನ ಲೆಕ್ಕ ನೋಡಿದ ಕೂಡಲೇ ಯಾರಾದರೂ ಹೇಳಿಯೇ ಹೇಳುತ್ತಾರೆ, "ಪತ್ರದಲ್ಲಿ 44 ಬರೆಸಿ, ಉಳಿದದ್ದು ಕ್ಯಾಶ್ ಕೊಡಿ". ದಯವಿಟ್ಟು ಬೇಡ. ಬೆಲೆ ಕಮ್ಮಿ ತೋರಿಸಿದ್ದಾರೆ ಅನ್ನಿಸಿದರೆ ಸಬ್ ರಿಜಿಸ್ಟ್ರಾರ್ ಪತ್ರವನ್ನು ಜಿಲ್ಲಾ ನೋಂದಣಾಧಿಕಾರಿಗೆ ಕಳಿಸಬಹುದು. ಅಲ್ಲಿ ಅದು ಇತ್ಯರ್ಥ ಆಗುವವರೆಗೆ ನಿಮ್ಮ ಪತ್ರ ಅಲ್ಲೇ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ತಡೆ ಇದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಎಲ್ಲಕ್ಕಿಂತ ದೊಡ್ಡ ನಷ್ಟ ನಿಮ್ಮದೇ. ನಾಳೆ ಪ್ರಾಜೆಕ್ಟ್ ನಿಂತುಹೋದರೆ ವಾಪಸ್ ಕೇಳಲು ನಿಮ್ಮ ಹತ್ತಿರ ಇರುವುದು ಪತ್ರದಲ್ಲಿ ಬರೆದ ಮೊತ್ತ ಮಾತ್ರ.

ಸರಿಯಾದ ದಾರಿಯೇ ಇದೆಯಲ್ಲ. ಗೆರೆಯ ಹತ್ತಿರ ಇದ್ದೀರಿ ಅಂದರೆ ನಿಜವಾದ ಬೆಲೆಯನ್ನೇ ಇಳಿಸಲು ಕೇಳಿ. ಇನ್ನೊಂದು ಮಹಡಿ, ಇನ್ನೊಂದು ದಿಕ್ಕಿನ ಫ್ಲಾಟ್ ನೋಡಿ. 45.2 ಲಕ್ಷದ ಫ್ಲಾಟ್ ಮಾರಾಟವಾಗದೆ ಉಳಿದಿದ್ದರೆ ಬಿಲ್ಡರ್ 25 ಸಾವಿರ ಬಿಡಲು ಒಪ್ಪಬಹುದು. ಕೇಳುವುದಕ್ಕೆ ಸಂಕೋಚ ಬೇಡ.

ಹಂತ 4: ಪ್ರಾಜೆಕ್ಟ್ ಗಟ್ಟಿ ಇದೆಯಾ ನೋಡಿ

ಒಂದು ಲಕ್ಷ ಉಳಿಸಲು ಹೋಗಿ 45 ಲಕ್ಷ ಕಳೆದುಕೊಳ್ಳಬಾರದು, ಅಲ್ವಾ? ಇಲ್ಲಿ ಆತುರ ಬೇಡ.

ಮೊದಲು ರೇರಾ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಕೆಳಗೆ 2017ರಲ್ಲಿ ಕರ್ನಾಟಕ ತನ್ನ ನಿಯಮ ಮಾಡಿತು. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ 8ಕ್ಕಿಂತ ಜಾಸ್ತಿ ಫ್ಲಾಟ್ ಕಟ್ಟುವ ಪ್ರಾಜೆಕ್ಟ್ ನೋಂದಣಿ ಆಗಿರಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಸಂಖ್ಯೆ ಹಾಕಿ ನೋಡಿ. ಸಂಖ್ಯೆ ಇದೆ ಅಂತ ಸುಮ್ಮನಾಗಬೇಡಿ. ಮುಗಿಸುವ ದಿನಾಂಕ ಕಳೆದುಹೋಗಿದೆಯಾ, ಮಂಜೂರಾದ ನಕ್ಷೆಯಲ್ಲಿ ನಿಮ್ಮ ಮಹಡಿ ಇದೆಯಾ, ಎಷ್ಟು ದೂರು ಬಂದಿವೆ, ಇವನ್ನೂ ನೋಡಿ. ನಕ್ಷೆಯಲ್ಲಿ ನಾಲ್ಕೇ ಮಹಡಿ ಇದ್ದು ನಿಮಗೆ ಐದನೆಯದನ್ನು ಮಾರುತ್ತಿದ್ದರೆ ಎದ್ದು ಬನ್ನಿ.

ಕಡಿಮೆ ಬೆಲೆಯ ಫ್ಲಾಟ್ ಹುಡುಕುವವರಿಗೆ ಇಲ್ಲೊಂದು ಬೇರೆಯದೇ ಕಷ್ಟ ಇದೆ. 40-60 ಸೈಟಿನಲ್ಲಿ ಎದ್ದ ನಾಲ್ಕು ಮಹಡಿಯ ಕಟ್ಟಡಗಳು ಜಾಗ ಸಣ್ಣದು ಅನ್ನುವ ಕಾರಣಕ್ಕೆ ರೇರಾ ಹೊರಗೇ ಉಳಿದುಬಿಡುತ್ತವೆ. ಬೆಲೆ ಕಮ್ಮಿ ಇರುವುದೂ ಹೆಚ್ಚಾಗಿ ಅಲ್ಲೇ. ಅಂಥ ಕಡೆ ರೇರಾ ಆಸರೆ ಇಲ್ಲ, ಹಾಗಾಗಿ ಕಾಗದಗಳನ್ನು ಎರಡು ಪಟ್ಟು ಎಚ್ಚರದಿಂದ ನೋಡಬೇಕು. ಆ ಅಳತೆಯ ಸೈಟಿಗೆ ಎಷ್ಟು ಮನೆ, ಎಷ್ಟು ಮಹಡಿಗೆ ನಕ್ಷೆ ಮಂಜೂರಾಗಿದೆ? ಕಟ್ಟಿರುವುದು ಎಷ್ಟು? ಈ ಎರಡು ಸಂಖ್ಯೆ ಹೊಂದದಿದ್ದರೆ ಒಸಿ ಸಿಗುವುದು ಕಷ್ಟ.

ಒಸಿ ಅಂದರೆ ಸ್ವಾಧೀನಾನುಭವ ಪ್ರಮಾಣಪತ್ರ. ಕಟ್ಟಡ ನಕ್ಷೆಯ ಪ್ರಕಾರ ಇದೆ, ವಾಸಕ್ಕೆ ಯೋಗ್ಯ ಅಂತ ಪಾಲಿಕೆ ಕೊಡುವ ಪತ್ರ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಸಿ ನೋಡಿಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಅಂತ ಹೇಳಿದ ಮೇಲೆ ಇದು ಇನ್ನೂ ಬಿಗಿಯಾಗಿದೆ. "ಒಸಿ ಆಮೇಲೆ ಬರುತ್ತೆ, ಎಲ್ಲರೂ ಹೀಗೇ ತಗೊಂಡಿದ್ದಾರೆ" ಅನ್ನುವ ಮಾತಿಗೆ ಬೆಲೆ ಕೊಡಬೇಡಿ.

ಖಾತಾ ಅಂದರೆ ಆಸ್ತಿ ತೆರಿಗೆಗೆ ಪಾಲಿಕೆ ಇಡುವ ದಾಖಲೆ. 2024ರ ಅಕ್ಟೋಬರ್‌ನಿಂದ ನಗರಗಳಲ್ಲಿ ನೋಂದಣಿಗೆ ಇ-ಖಾತಾ (ಕಂಪ್ಯೂಟರ್‌ನಲ್ಲಿ ಇರುವ ಖಾತಾ) ಕಡ್ಡಾಯ. ಇಲ್ಲದಿದ್ದರೆ ಅರ್ಜಿ ಮುಂದಕ್ಕೇ ಹೋಗುವುದಿಲ್ಲ. ನಿಮ್ಮ ಫ್ಲಾಟಿಗೆ ಬೇರೆ ಇ-ಖಾತಾ ಮಾಡಿಸಿಕೊಡುವ ಹೊಣೆ ಯಾರದು, ಯಾವಾಗ ಅಂತ ಕರಾರಿನಲ್ಲೇ ಬರೆಸಿ. ಬಿ-ಖಾತಾ (ಕಾಗದಪತ್ರ ಪೂರ್ತಿ ನಿಯಮದ ಪ್ರಕಾರ ಇಲ್ಲದ ಆಸ್ತಿಯ ಖಾತಾ) ಆಗಿದ್ದರೆ ಬ್ಯಾಂಕ್ ಸಾಲ ಸಿಗುತ್ತದಾ ಅಂತ ದುಡ್ಡು ಕೊಡುವ ಮುಂಚೆ ಬ್ಯಾಂಕಿನಲ್ಲೇ ಕೇಳಿ, ಮಧ್ಯವರ್ತಿಯನ್ನು ಅಲ್ಲ.

ಋಣಭಾರ ಪತ್ರ, ಅಂದರೆ ಇಸಿ, ಕಾವೇರಿಯಲ್ಲೇ ಸಿಗುತ್ತದೆ. ಆಸ್ತಿಯ ಮೇಲೆ ಆದ ವ್ಯವಹಾರ, ಸಾಲ ಎಲ್ಲ ಅದರಲ್ಲಿ ಕಾಣುತ್ತದೆ. ವ್ಯವಹಾರ ಇದ್ದರೆ ಫಾರಂ 15, ಇಲ್ಲದಿದ್ದರೆ ಫಾರಂ 16. ಬಿಲ್ಡರ್ ಆ ಜಾಗವನ್ನು ಅಡವಿಟ್ಟು ಸಾಲ ತಂದಿದ್ದರೆ ನಿಮ್ಮ ಫ್ಲಾಟಿನ ಮಟ್ಟಿಗೆ ಆ ಬ್ಯಾಂಕಿನಿಂದ ಒಪ್ಪಿಗೆ ಪತ್ರ ಕೇಳಿ. ಇಷ್ಟೆಲ್ಲ ಆದ ಮೇಲೂ ಒಮ್ಮೆ ನಿಮ್ಮದೇ ವಕೀಲರಿಗೆ ತೋರಿಸಿ. ಬಿಲ್ಡರ್ ಗೊತ್ತುಮಾಡಿಕೊಟ್ಟ ವಕೀಲರು ಬೇಡ.

ಹಂತ 5: ಕರಾರು

ರೇರಾ ಪ್ರಾಜೆಕ್ಟ್‌ನಲ್ಲಿ ನೋಂದಾಯಿತ ಕರಾರು ಆಗುವ ಮುಂಚೆ ಬೆಲೆಯ ಶೇ. 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. "ಶೇ. 20 ಕಟ್ಟಿದರೆ ಆಫರ್" ಅಂತ ಅಂದರೆ ಮೊದಲು ಕರಾರು ನೋಂದಣಿ ಮಾಡಿಕೊಡಿ ಅನ್ನಿ.

ಕರಾರಿನಲ್ಲಿ ಒಟ್ಟು ಬೆಲೆ, ಅದರಲ್ಲಿ ಏನೇನು ಸೇರಿದೆ, ಕಾರ್ಪೆಟ್ ಏರಿಯಾ, ಪಾರ್ಕಿಂಗ್ ವಿವರ, ಕೀ ಕೊಡುವ ದಿನಾಂಕ ಇರಬೇಕು. ಹಂತ 2ರಲ್ಲಿ ಬರೆಸಿಕೊಂಡದ್ದು ಇಲ್ಲಿ ಹಾಗೇ ಬಂದಿದೆಯಾ ನೋಡಿ. ಕಾಸ್ಟ್ ಶೀಟಿನಲ್ಲಿ 44.6 ಇದ್ದದ್ದು ಕರಾರಿನಲ್ಲಿ ಎಲ್ಲ ಸೇರಿ 46.1 ಅಂತ ಒಂದೇ ಅಂಕಿಯಾಗಿ ಬಂದು ಕೂತಿದ್ದರೆ ಸಹಿ ಹಾಕಬೇಡಿ, ತಿದ್ದಿಸಿ. ಆಮೇಲೆ ಕ್ರಯಪತ್ರ ಬರೆಯುವಾಗ ಇದೇ ಅಂಕಿ ಎದುರಿಗೆ ಬರುತ್ತದೆ.

ಹೇಳಿದ ದಿನಕ್ಕೆ ಕೀ ಕೊಡದಿದ್ದರೆ ರೇರಾ ಕಾಯ್ದೆ ನಿಮಗೆ ಎರಡು ದಾರಿ ಕೊಡುತ್ತದೆ. ಬಡ್ಡಿ ಸಮೇತ ದುಡ್ಡು ವಾಪಸ್ ಕೇಳಬಹುದು, ಇಲ್ಲವೇ ಫ್ಲಾಟ್ ಉಳಿಸಿಕೊಂಡು ತಡವಾದ ಒಂದೊಂದು ತಿಂಗಳಿಗೂ ಬಡ್ಡಿ ಕೇಳಬಹುದು. ಇವನ್ನು ಬಿಟ್ಟುಕೊಡುವ ಹಾಗೆ ಕರಾರಿನಲ್ಲಿ ಏನಾದರೂ ಬರೆದಿದ್ದರೆ ವಕೀಲರಿಂದ ತೆಗೆಸಿ.

ಹಂತ 6: ಸಾಲ ಮತ್ತು ಬಡ್ಡಿ ಸಹಾಯಧನ

ಬ್ಯಾಂಕು ಮನೆಯ ಬೆಲೆಗೆ ಸಾಲ ಕೊಡುತ್ತದೆ. ಮುದ್ರಾಂಕ ಶುಲ್ಕ, ನೋಂದಣಿ ಖರ್ಚನ್ನು ಆ ಬೆಲೆಗೆ ಸೇರಿಸಿಕೊಳ್ಳುವುದಿಲ್ಲ. ಅದು ನಿಮ್ಮ ಜೇಬಿನಿಂದಲೇ ಬರಬೇಕು. 33 ಲಕ್ಷದ ಫ್ಲಾಟ್ ಅಂದರೆ ನಗರದಲ್ಲಿ 1,76,880 ರೂಪಾಯಿ. ಇದನ್ನು ಮೊದಲ ದಿನದಿಂದಲೇ ಬೇರೆ ಎತ್ತಿಡಿ.

ಬೆಲೆ 35 ಲಕ್ಷದೊಳಗಿದ್ದರೆ ಪ್ರಧಾನ ಮಂತ್ರಿ ಆವಾಸ್ ಯೋಜನೆ ನಗರ 2.0ರ ಬಡ್ಡಿ ಸಹಾಯಧನವನ್ನೂ ನೋಡಿ. 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆ. ಇದರ ಷರತ್ತುಗಳು ಬಿಗಿ. ಮನೆಯವರೆಲ್ಲರ ವಾರ್ಷಿಕ ಆದಾಯ 9 ಲಕ್ಷದೊಳಗೆ. ಸಾಲ 25 ಲಕ್ಷದೊಳಗೆ. ಕಾರ್ಪೆಟ್ 120 ಚದರ ಮೀಟರ್ ಒಳಗೆ. ದೇಶದಲ್ಲಿ ಎಲ್ಲೂ ನಿಮ್ಮ ಕುಟುಂಬದ ಹೆಸರಲ್ಲಿ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷದಲ್ಲಿ ಸರ್ಕಾರದ ವಸತಿ ಯೋಜನೆಯ ಲಾಭ ಪಡೆದಿರಬಾರದು. ಇಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಮನೆ ಹೆಂಗಸರ ಹೆಸರಲ್ಲಿ ಅಥವಾ ಜಂಟಿಯಾಗಿ ಇರುವುದಕ್ಕೆ ಈ ಯೋಜನೆ ಒತ್ತು ಕೊಡುತ್ತದೆ, ಹಾಗಾಗಿ ಬುಕಿಂಗ್ ಹೊತ್ತಿಗೇ ಹೆಂಡತಿಯ ಹೆಸರು ಸೇರಿಸಿ. ಆಮೇಲೆ ಸೇರಿಸಲು ಹೋದರೆ ಕರಾರು, ಸಾಲ ಎಲ್ಲ ತಿದ್ದಬೇಕಾಗುತ್ತದೆ.

ಸಿಗುವುದು ಎಷ್ಟು? ಸಾಲದ ಮೊದಲ 8 ಲಕ್ಷಕ್ಕೆ ಶೇ. 4ರ ಬಡ್ಡಿ ಸಹಾಯ, ಗರಿಷ್ಠ 1.80 ಲಕ್ಷ ರೂಪಾಯಿ. ಒಂದೇ ಸಲ ಬರುವುದಿಲ್ಲ, ಐದು ವರ್ಷದ ಕಂತುಗಳಲ್ಲಿ ಬರುತ್ತದೆ. ಕಂತು ಬರುವ ಹೊತ್ತಿಗೆ ಸಾಲ ಚಾಲ್ತಿಯಲ್ಲಿದ್ದು, ಅಸಲಿನ ಅರ್ಧಕ್ಕಿಂತ ಜಾಸ್ತಿ ಬಾಕಿ ಇರಬೇಕು. ಊರಿನ ಜಮೀನು ಮಾರಿ ಎರಡೇ ವರ್ಷದಲ್ಲಿ ಸಾಲ ತೀರಿಸುವ ಯೋಚನೆ ಇದ್ದರೆ ಉಳಿದ ಕಂತು ಬರುವುದಿಲ್ಲ ಅಂತ ತಿಳಿದುಕೊಂಡೇ ತೀರಿಸಿ. ಅರ್ಜಿ ಯೋಜನೆಯ ಜಾಲತಾಣದಲ್ಲಿ. ಸಾಲ ಮಂಜೂರು ಮಾಡಿಸುವ ಮುಂಚೆಯೇ "ನಿಮ್ಮಲ್ಲಿ ಈ ಸಹಾಯಧನದ ಅರ್ಜಿ ತಗೋತೀರಾ" ಅಂತ ಬ್ಯಾಂಕಿಗೆ ಕೇಳಿ.

ಹಂತ 7: ಕಾವೇರಿಯಲ್ಲಿ ನೋಂದಣಿ

ಈಗ ನೋಂದಣಿ ಕಾವೇರಿ 2.0ರಲ್ಲಿ ಆಗುತ್ತದೆ. ವಿವರ ತುಂಬಿ, ಕ್ರಯಪತ್ರದ ಕರಡು ಮತ್ತು ದಾಖಲೆ ಅಪ್‌ಲೋಡ್ ಮಾಡಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟಲು ಹೇಳುತ್ತದೆ. ಕಟ್ಟಿದ ಮೇಲೆ ದಿನ, ವೇಳೆ ಆರಿಸಿಕೊಳ್ಳಬೇಕು. 2024ರ ಸೆಪ್ಟೆಂಬರ್‌ನಿಂದ ನಿಮ್ಮ ಜಿಲ್ಲೆಯ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ಮಾಡಿಸಬಹುದು, ಜನ ಕಮ್ಮಿ ಇರುವ ಕಚೇರಿ ನೋಡಿಕೊಳ್ಳಿ.

ಪತ್ರ ಬರಹಗಾರರ ಹತ್ತಿರ ಅಥವಾ ಬಿಲ್ಡರ್ ಆಫೀಸಿನಲ್ಲಿ ಇದನ್ನು ತುಂಬಿಸುವಾಗ ನೀವು ಪಕ್ಕದಲ್ಲೇ ಕೂತುಕೊಳ್ಳಿ. ಶುಲ್ಕ ಕಟ್ಟುವ ಮುಂಚೆ ಪರದೆಯ ಮೇಲೆ ಲೆಕ್ಕ ಬರುತ್ತದೆ. ಅಲ್ಲಿ ಮಾರುಕಟ್ಟೆ ಮೌಲ್ಯ ಎಷ್ಟು, ಮುದ್ರಾಂಕ ಶುಲ್ಕ ಎಷ್ಟು ಅಂತ ನಿಮ್ಮ ಹಾಳೆಯ ಜೊತೆ ಹೋಲಿಸಿ. 44,80,000ಕ್ಕೆ 1,34,400 ಬದಲು 2,24,000 ತೋರಿಸುತ್ತಿದ್ದರೆ ಶೇ. 5 ಬಿದ್ದಿದೆ ಅಂತ ಅರ್ಥ. ಆಸ್ತಿಯ ಬಗೆಯಲ್ಲಿ ಫ್ಲಾಟ್ ಅಂತ ತುಂಬಿದ್ದಾರಾ, ಮೊದಲ ಮಾರಾಟ ಅನ್ನುವುದು ಪತ್ರದಲ್ಲಿ ಸ್ಪಷ್ಟವಾಗಿ ಇದೆಯಾ ನೋಡಿ. ಸರಿಪಡಿಸಿದ ಮೇಲೆ ಮಾತ್ರ ಕಟ್ಟಿ. ಜಾಸ್ತಿ ಕಟ್ಟಿದ್ದನ್ನು ವಾಪಸ್ ಪಡೆಯಲು ಅಲೆಯುವುದಕ್ಕಿಂತ ಎರಡು ದಿನ ತಡವಾದರೂ ಪರವಾಗಿಲ್ಲ.

ಕರಡನ್ನು ಓದುವಾಗ ಕೊನೆಯ ಷೆಡ್ಯೂಲ್ ಭಾಗಕ್ಕೆ ಜಾಸ್ತಿ ಹೊತ್ತು ಕೊಡಿ. ಪೂರ್ತಿ ಜಾಗದ ವಿವರ, ಅದರಲ್ಲಿ ನಿಮ್ಮ ಅವಿಭಜಿತ ಪಾಲು (ಯುಡಿಎಸ್ ಅಂತಾರೆ), ಆಮೇಲೆ ಫ್ಲಾಟಿನ ನಂಬರ್, ಮಹಡಿ, ಕಾರ್ಪೆಟ್, ಪಾರ್ಕಿಂಗ್ ಇರಬೇಕು. ಬರೀ ಜಾಗದ ಪಾಲನ್ನು ಮಾತ್ರ ಬರೆದು ಫ್ಲಾಟಿನ ಮಾತೇ ಇಲ್ಲದ ಪತ್ರ ಒಪ್ಪಬೇಡಿ. ಹೆಸರಿನ ಕಾಗುಣಿತ ಆಧಾರ್, ಪ್ಯಾನ್, ಪತ್ರ ಮೂರರಲ್ಲೂ ಒಂದೇ ಇರಲಿ. ಒಂದಕ್ಷರ ತಪ್ಪಿದರೂ ತಿದ್ದುಪಡಿ ಪತ್ರಕ್ಕೆ ಮತ್ತೆ ಎಲ್ಲರೂ ಬರಬೇಕು.

50 ಲಕ್ಷ ಮತ್ತು ಅದರ ಮೇಲಿನ ಆಸ್ತಿಗೆ ಕೊಳ್ಳುವವರು ಶೇ. 1 ಟಿಡಿಎಸ್ (ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯಬೇಕು ಅಂತ ನಿಯಮ ಇದೆ. ನಿಮ್ಮದು 45ರೊಳಗೆ, ಹಾಗಾಗಿ ಅದರ ಚಿಂತೆ ಇಲ್ಲ. ನೋಂದಣಿಯ ದಿನ ಮೂಲ ಆಧಾರ್, ಪ್ಯಾನ್ ಮತ್ತು ಇಬ್ಬರು ಸಾಕ್ಷಿಗಳ ಜೊತೆ ಅರ್ಧ ಗಂಟೆ ಮುಂಚೆ ಹೋಗಿ. ಫೋಟೋ, ಹೆಬ್ಬೆಟ್ಟು ಆಗುತ್ತದೆ.

ಹಂತ 8: ನೋಂದಣಿ ಆದ ಮೇಲೆ

ಕೆಲವು ದಿನ ಬಿಟ್ಟು ಕಾವೇರಿಯಲ್ಲಿ ಹೊಸ ಇಸಿ ತೆಗೆಯಿರಿ. ನಿಮ್ಮ ಹೆಸರು, ಫ್ಲಾಟ್ ನಂಬರ್ ಅದರಲ್ಲಿ ಬಂದಿರಬೇಕು. ಬಂದಿಲ್ಲ ಅಂದರೆ ಕೂಡಲೇ ಕಚೇರಿಗೆ ಹೋಗಿ. ನಂತರ ಖಾತಾ ನಿಮ್ಮ ಹೆಸರಿಗೆ ಬದಲಾಯಿಸಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಕೆಳಗೆ ಡೀಡ್ ಆಫ್ ಡಿಕ್ಲರೇಷನ್ (ಇಡೀ ಕಟ್ಟಡದ ಹಕ್ಕು, ಪಾಲುಗಳನ್ನು ಬರೆದ ಪತ್ರ) ಆಗಿದೆಯಾ ಅಂತ ಬಿಲ್ಡರ್‌ನ ಕೇಳಿ ಒಂದು ಪ್ರತಿ ಇಟ್ಟುಕೊಳ್ಳಿ. ಕೀ ಸಿಕ್ಕ ದಿನಾಂಕವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ. ರೇರಾ ಪ್ರಾಜೆಕ್ಟ್‌ನಲ್ಲಿ ಕಟ್ಟಡದ ದೋಷಗಳನ್ನು ಐದು ವರ್ಷದೊಳಗೆ ಹೇಳಿದರೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಮಾಡಿಕೊಡಬೇಕು, ಆ ಐದು ವರ್ಷ ಎಣಿಸುವುದು ಕೀ ಕೊಟ್ಟ ದಿನದಿಂದ. ಗೋಡೆಯಲ್ಲಿ ಬಿರುಕು, ಬಚ್ಚಲಿನ ಸೋರಿಕೆ ಕಂಡ ಕೂಡಲೇ ದಿನಾಂಕ ಕಾಣುವ ಹಾಗೆ ಫೋಟೋ ತೆಗೆದು ಇಮೇಲ್ ಮಾಡಿ.